ಒಂದೂವರೆ ಗಂಟೆಯ ಉಪಗ್ರಹ, ಒಂಬತ್ತು ಗಂಟೆಯ ಟ್ರಾಫಿಕ್

ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ಗಾಡಿಗಳು ಕಟ್ಟಿಕೊಳ್ಳುವುದು ಬೆಳಗ್ಗೆ ಒಂಬತ್ತಕ್ಕೆ, ಮತ್ತೆ ಸಂಜೆ ಆರರ ಮೇಲೆ. ನೈಟ್ರೋಜನ್ ಡೈಆಕ್ಸೈಡ್ ಅಳೆಯುವ ಟ್ರೊಪೋಮಿ ಉಪಕರಣವನ್ನು ಹೊತ್ತ ಯುರೋಪಿನ ಉಪಗ್ರಹ ನಮ್ಮ ಮೇಲೆ ಹಾದು ಹೋಗುವುದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ಆಗ ಬಿಸಿಲಿಗೆ ಈ ಅನಿಲ ಬೇಗ ಬೇರೆ ರೂಪಕ್ಕೆ ತಿರುಗುತ್ತಿರುತ್ತದೆ. ಹಾಗಾಗಿ ಪೇಪರಿನಲ್ಲಿ ಬರುವ ಅದರ ಕೆಂಪು-ಹಳದಿ ನಕ್ಷೆಯನ್ನು ನಾವು ಉಸಿರಾಡುವ ಗಾಳಿಯ ಲೆಕ್ಕ ಅಂತ ಓದಿದರೆ ತಪ್ಪಾಗುತ್ತದೆ.

ಎಂಜಿನ್ನಿನಲ್ಲೋ ಬಾಯ್ಲರಿನಲ್ಲೋ ಉರಿ ಜೋರಾದಾಗ ಗಾಳಿಯ ನೈಟ್ರೋಜನ್ ಮತ್ತು ಆಕ್ಸಿಜನ್ ಕೂಡಿಕೊಂಡು ನೈಟ್ರೋಜನ್ ಆಕ್ಸೈಡ್‌ಗಳು, ಅಂದರೆ ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್, ಹುಟ್ಟುತ್ತವೆ. ಲಾಸ್ ಏಂಜಲೀಸ್‌ನಲ್ಲಿ ಕಣ್ಣು ಉರಿಸುತ್ತಿದ್ದ ಮಬ್ಬಿಗೆ ಇವು, ಪೆಟ್ರೋಲ್ ಆವಿ, ಬಿಸಿಲು ಮೂರೂ ಸೇರಿದ್ದೇ ಕಾರಣ ಅಂತ 1950ರ ದಶಕದ ಆರಂಭದಲ್ಲಿ ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು.

ನಮ್ಮಲ್ಲಿ ಗಾಳಿ ಅಳೆಯುವ ರಾಷ್ಟ್ರೀಯ ಜಾಲ ಶುರುವಾಗಿದ್ದು 1984ರಲ್ಲಿ. ಗಾಳಿಯನ್ನು ದ್ರಾವಣದೊಳಗೆ ಹಾಯಿಸಿ, ಲ್ಯಾಬಿನಲ್ಲಿ ಅದಕ್ಕೆ ಬರುವ ಗುಲಾಬಿ ಬಣ್ಣ ಎಷ್ಟು ಗಾಢ ಅಂತ ನೋಡುವ ಕೈಕೆಲಸ ಅದು. ವಾರಕ್ಕೆ ಎರಡೇ ದಿನ. ಆಮೇಲೆ ಸ್ವಯಂಚಾಲಿತ ಯಂತ್ರಗಳು ಬಂದವು. ಅವು ನೇರವಾಗಿ ಅಳೆಯುವುದು ನೈಟ್ರಿಕ್ ಆಕ್ಸೈಡನ್ನು ಮಾತ್ರ. ಅದು ಓಝೋನ್ ಜೊತೆ ಸೇರಿದಾಗ ಹೊಮ್ಮುವ ಬೆಳಕನ್ನು ಎಣಿಸುತ್ತವೆ. ಡೈಆಕ್ಸೈಡನ್ನು ಅಳೆಯಬೇಕಾದರೆ ಬಿಸಿ ಮಾಲಿಬ್ಡಿನಮ್ ಲೋಹದ ಮೇಲೆ ಹಾಯಿಸಿ ಮೊದಲು ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳಬೇಕು. ತೊಂದರೆ ಅಲ್ಲೇ ಇದೆ. ನೈಟ್ರಿಕ್ ಆಸಿಡ್‌ನಂಥ ಬೇರೆ ಅನಿಲಗಳೂ ಅಲ್ಲಿ ಬದಲಾಗಿ ಲೆಕ್ಕದೊಳಗೆ ನುಗ್ಗುತ್ತವೆ, ಅಂಕಿ ನಿಜಕ್ಕಿಂತ ಜಾಸ್ತಿ ಬರುತ್ತದೆ.

ಆಕಾಶದಿಂದ ನೋಡುವ ಕಾಲ ಬಂದದ್ದು 1995ರಲ್ಲಿ, ಗೋಮ್ ಉಪಕರಣದ ಜೊತೆ. ಅದರ ಚಿತ್ರದ ಒಂದೊಂದು ಚೌಕವೂ 320 ಕಿಲೋಮೀಟರ್ ಉದ್ದ, 40 ಕಿಲೋಮೀಟರ್ ಅಗಲ. ಬೆಂಗಳೂರಿಂದ ಚೆನ್ನೈವರೆಗೆ ಒಂದೇ ಬಣ್ಣ ಅಂದುಕೊಳ್ಳಿ. ಅಷ್ಟು ಮಸುಕಾದ ಕಣ್ಣಿಗೂ, ಅದರ ನಂತರದ ಸ್ಕಿಯಾಮಕಿ ಉಪಕರಣಕ್ಕೂ, ಚೀನಾದ ಕೈಗಾರಿಕಾ ಪ್ರದೇಶಗಳ ಮೇಲೆ ಈ ಅನಿಲ ಏರುತ್ತಿರುವುದು ಕಂಡಿತು. 2005ರಲ್ಲಿ ಅದು ಜಗತ್ತಿಗೇ ಗೊತ್ತಾಯಿತು. 2004ರ ಓಮಿ ಉಪಕರಣ ಚೌಕವನ್ನು 13 ಮತ್ತು 24 ಕಿಲೋಮೀಟರಿಗೆ ಇಳಿಸಿತು. 2017ರಲ್ಲಿ ಹಾರಿದ ಟ್ರೊಪೋಮಿ ಈಗ 5.5 ಮತ್ತು 3.5 ಕಿಲೋಮೀಟರಿನಲ್ಲಿ ನೋಡುತ್ತದೆ. ಮಧ್ಯಪ್ರದೇಶದ ಸಿಂಗ್ರೌಲಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಅದರ ನಕ್ಷೆಯಲ್ಲಿ ಎದ್ದು ಕಾಣುತ್ತವೆ.

ಆದರೆ ಉಪಗ್ರಹ ಗಾಳಿಯನ್ನು ಮುಟ್ಟುವುದೇ ಇಲ್ಲ, ಅಲ್ವಾ? ನೆಲದಿಂದ ತಿರುಗಿ ಬರುವ ಬಿಸಿಲಿನಲ್ಲಿ ನೀಲಿ ಬೆಳಕು ಎಷ್ಟು ಕಮ್ಮಿಯಾಗಿದೆ ಅಂತ ನೋಡಿ, ನೆಲದಿಂದ ಮೇಲಿನವರೆಗೆ ಒಟ್ಟು ಎಷ್ಟು ಅಣುಗಳಿವೆ ಅಂತ ಹೇಳುತ್ತದೆ. ಅವು ರಸ್ತೆಯ ಮಟ್ಟದಲ್ಲಿವೆಯೋ ಎರಡು ಕಿಲೋಮೀಟರ್ ಮೇಲಿವೆಯೋ ಅದಕ್ಕೆ ತಿಳಿಯದು. ಅದನ್ನು ಊಹಿಸುವುದು ಕಂಪ್ಯೂಟರ್ ಮಾದರಿ. ಎಲ್ಲಿ ಎಷ್ಟು ಹೊಗೆ ಬಿಡುತ್ತಾರೆ, ಗಾಳಿ ಯಾವ ಕಡೆ ಬೀಸುತ್ತದೆ, ಬಿಸಿಲು ಎಷ್ಟು ಅನ್ನುವುದೆಲ್ಲ ಅದಕ್ಕೆ ಬೇಕು. ಹೊಗೆಯ ಪಟ್ಟಿ ಹಳೆಯದಾಗಿದ್ದರೆ ಉತ್ತರವೂ ತಪ್ಪುತ್ತದೆ. ಆ ಪಟ್ಟಿಯನ್ನು ತಿದ್ದಲು ಬಳಸುವುದು ಮತ್ತೆ ಉಪಗ್ರಹವನ್ನೇ! ಇದು ಸುತ್ತುಬಳಸಿದಂತೆ ಕಾಣಬಹುದು. ಆದರೆ ಪ್ರತಿ ಸುತ್ತಿನಲ್ಲೂ ನೆಲದ ಯಂತ್ರದ ಅಂಕಿ ಕೈಯಲ್ಲಿದ್ದರೆ ತಪ್ಪು ಹಿಡಿಯಬಹುದು.

2020ರ ಲಾಕ್‌ಡೌನ್‌ನಲ್ಲಿ ದಿಲ್ಲಿ, ಮುಂಬೈ ಮೇಲಿನ ಬಣ್ಣ ಮಸುಕಾದದ್ದನ್ನು ನಾವೆಲ್ಲ ನೋಡಿದೆವು. ಅದರಲ್ಲಿ ಗಾಡಿ ನಿಂತದ್ದರ ಪಾಲೆಷ್ಟು, ಹವೆ ಬದಲಾದದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಿದ್ದೂ ಮಾದರಿಗಳೇ.

ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ. ಕರಾವಳಿ, ಮಲೆನಾಡಿನ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪಗ್ರಹಕ್ಕೆ ಕಾಣುವುದು ಬಹಳ ಕಡಿಮೆ. ಗಂಟೆಗೊಮ್ಮೆ ನೋಡುವ ಕೊರಿಯಾದ ಜೆಮ್ಸ್ ಉಪಕರಣ 2020ರಲ್ಲಿ ಹಾರಿತು, ಆದರೆ ಭಾರತ ಅದರ ನೋಟದ ಪಶ್ಚಿಮ ಅಂಚಿನಲ್ಲಿದೆ.

ನೈಟ್ರೋಜನ್ ಡೈಆಕ್ಸೈಡಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 10. ಎರಡೂ ಮೂಗಿನ ಮಟ್ಟದ ಗಾಳಿಯ ಲೆಕ್ಕ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವಿದೆ. ಅದರ ಪಕ್ಕ ಆಡುವ ಮಕ್ಕಳ ಗಾಳಿ ಆ ಮಿತಿಯೊಳಗಿದೆಯಾ ಅಂತ ಹೇಳಬೇಕಾದರೆ ಯಂತ್ರ ಅಲ್ಲೇ, ಮಕ್ಕಳು ಓಡಾಡುವ ಜಾಗದಲ್ಲೇ ಇರಬೇಕು.