ಬಣ್ಣಕ್ಕೆ ಮೊದಲು ಬಿಸಿ: ಕೋಲ್ಡ್ ಪ್ರೋಸೆಸ್ ಸೋಪಿನ ಜೆಲ್ ಹಂತ

ಮನೆಯಲ್ಲಿ ಕೋಲ್ಡ್ ಪ್ರೋಸೆಸ್ ವಿಧಾನದಿಂದ, ಅಂದರೆ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ದ್ರಾವಣವನ್ನು ಬೇಯಿಸದೆ ಬೆರೆಸಿ, ಸೋಪು ತಯಾರಿಸುವವರು ನನ್ನ ಮುಂದಿಡುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬಣ್ಣಕ್ಕೆ ಸಂಬಂಧಿಸಿದವು. ಅಚ್ಚಿಗೆ ಸುರಿಯುವಾಗ ಗಾಢವಾಗಿದ್ದ ನೀಲಿ ಮರುದಿನ ಮಂಕಾಗಿತ್ತು, ಬಿಲ್ಲೆಯ ನಡುವೆ ಕಪ್ಪನೆಯ ವೃತ್ತವೊಂದು ಮೂಡಿತ್ತು, ನೇರಳೆ ಹಾಕಿದ ಕಡೆ ಬೂದು ಉಳಿದಿತ್ತು ಎನ್ನುತ್ತಾರೆ. ಈ ಮೂರರಲ್ಲಿ ಕೊನೆಯದಕ್ಕೆ ಮಾತ್ರ ಬಣ್ಣವೇ ಕಾರಣ. ಮೊದಲಿನ ಎರಡಕ್ಕೂ ಸಾಮಾನ್ಯವಾಗಿ ಕಾರಣವಾಗುವುದು ಅಚ್ಚಿನೊಳಗಿನ ಬಿಸಿ. ಆದ್ದರಿಂದ ಬಣ್ಣದ ಡಬ್ಬಿ ತೆರೆಯುವ ಮೊದಲೇ, ಈ ಸೋಪು ಜೆಲ್ ಆಗಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಎಣ್ಣೆಯೊಂದಿಗೆ ಕಾಸ್ಟಿಕ್ ಸೋಡಾ ದ್ರಾವಣ ಬೆರೆತು ಸೋಪು ಮತ್ತು ಗ್ಲಿಸರಿನ್ ಆಗುವ ಕ್ರಿಯೆಯಲ್ಲಿ ಉಷ್ಣ ಹೊರಬರುತ್ತದೆ. ಅಚ್ಚಿಗೆ ಸುರಿದ ಮೇಲೂ ಈ ಕ್ರಿಯೆ ಮುಂದುವರಿಯುವುದರಿಂದ, ಹುಟ್ಟಿದ ಉಷ್ಣ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೂಡಿಕೊಂಡರೆ ಮಿಶ್ರಣದ ತಾಪ ಏರುತ್ತ ಹೋಗಿ, ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ಒಂದು ಕಡೆ ಅದರ ಒಳರಚನೆಯೇ ಬದಲಾಗುತ್ತದೆ. ಗಟ್ಟಿಯಾಗತೊಡಗಿದ್ದ ಸೋಪು ಮತ್ತೆ ಮೆತ್ತಗಾಗಿ, ಪೆಟ್ರೋಲಿಯಂ ಜೆಲ್ಲಿಯಂತೆ ಅರೆಪಾರದರ್ಶಕವಾಗಿ ಹೊಳೆಯುತ್ತದೆ. ಇದೇ ಜೆಲ್ ಹಂತ. ಹೊದಿಸಿದ ಟವೆಲನ್ನು ಸ್ವಲ್ಪ ಸರಿಸಿ ನೋಡಿದರೆ ನಡುಭಾಗ ಮೊದಲು ಕಪ್ಪಾಗಿ, ಆ ಕಪ್ಪು ನಿಧಾನವಾಗಿ ಅಂಚಿನ ಕಡೆಗೆ ಹರಡುವುದು ಕಾಣಿಸುತ್ತದೆ. ಗ್ಲೌಸ್ ಹಾಕಿದ ಬೆರಳಿನಿಂದ ಮೆಲ್ಲಗೆ ಒತ್ತಿದರೆ ನಡುವೆ ಕುಗ್ಗುತ್ತದೆ, ಅಂಚಿನಲ್ಲಿ ಕುಗ್ಗುವುದಿಲ್ಲ.

ತಣ್ಣಗಾದ ಮೇಲೆ ಸೋಪು ಮತ್ತೆ ಅಪಾರದರ್ಶಕವಾಗುತ್ತದೆಯಾದರೂ ಪೂರ್ತಿಯಾಗಿ ಅಲ್ಲ. ಜೆಲ್ ಆದ ಬಿಲ್ಲೆಯಲ್ಲಿ ಬೆಳಕು ಸ್ವಲ್ಪ ಒಳಗಿಳಿಯುವುದರಿಂದ ಬಣ್ಣ ಗಾಢವಾಗಿ, ತುಂಬಿದಂತೆ ಕಾಣುತ್ತದೆ. ಜೆಲ್ ಆಗದ ಬಿಲ್ಲೆ ಬೆಳಕನ್ನು ಮೇಲ್ಮೈಯಲ್ಲೇ ಚದುರಿಸುತ್ತದೆ; ಅದರಲ್ಲಿ ಪ್ರತಿಯೊಂದು ಬಣ್ಣಕ್ಕೂ ಬಿಳಿ ಬೆರೆಸಿದಂತೆ ತೋರುತ್ತದೆ. ಇದ್ದಿಲಿನ ಪುಡಿ ಹಾಕಿದ ಸೋಪು ಒಂದರಲ್ಲಿ ಕಪ್ಪಾಗಿಯೂ ಇನ್ನೊಂದರಲ್ಲಿ ಬೂದಾಗಿಯೂ ಕಾಣುವುದು ಇದೇ ಕಾರಣದಿಂದ. ತೊಳೆಯುವ ಗುಣದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಎರಡನ್ನೂ 4ರಿಂದ 6 ವಾರ ಮಾಗಿಸಬೇಕು. ಜೆಲ್ ಆದದ್ದು ಅಚ್ಚಿನಿಂದ ಬೇಗ ಬಿಡುತ್ತದೆ ಮತ್ತು ಅದರ ಮೇಲೆ ಸೋಡಾದ ಬಿಳಿ ಪೊರೆ ಕಟ್ಟಿಕೊಳ್ಳುವುದು ಕಡಿಮೆ ಎಂಬುದಷ್ಟೇ ಅದರ ಹೆಚ್ಚುಗಾರಿಕೆ.

ಯಾವ ತಾಪಕ್ಕೆ ಜೆಲ್ ಆಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನೀರು. ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ದ್ರಾವಣದ ತೂಕದಲ್ಲಿ ಕಾಸ್ಟಿಕ್ ಸೋಡಾ ಶೇ. 28ರಷ್ಟಿದ್ದರೆ, ಅಂದರೆ ನೀರು ಧಾರಾಳವಾಗಿದ್ದರೆ, ಸೋಪು ಕಡಿಮೆ ತಾಪಕ್ಕೇ ಜೆಲ್ ಆಗುತ್ತದೆ, ಅದು ಶೇ. 40ರ ಹತ್ತಿರವಿದ್ದರೆ ಬಹಳ ಹೆಚ್ಚಿನ ತಾಪ ಬೇಕಾಗುತ್ತದೆ, ಹೊರಗಿನಿಂದ ಬಿಸಿ ಕೊಡದೆ ಅನೇಕ ಬಾರಿ ಜೆಲ್ ಆಗುವುದೇ ಇಲ್ಲ. ಒಂದೇ ಎಣ್ಣೆಯ ಮಿಶ್ರಣವನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಸ್ವಲ್ಪ ಹೆಚ್ಚು ನೀರು ಸೇರಿಸಿ, ಎರಡನ್ನೂ ಒಂದೇ ಅಚ್ಚಿನಲ್ಲಿ ಸುರುಳಿಯಾಗಿ ಸುರಿದು ಬೆಚ್ಚಗಿಟ್ಟರೆ, ನೀರು ಹೆಚ್ಚಿದ್ದ ಪಾಲು ಕಪ್ಪಾಗಿಯೂ ಉಳಿದದ್ದು ತಿಳಿಯಾಗಿಯೂ ನಿಂತು, ಒಂದು ಚಿಟಿಕೆ ಬಣ್ಣವನ್ನೂ ಬಳಸದೆ ವಿನ್ಯಾಸ ಮೂಡುತ್ತದೆ. ಬಣ್ಣ ಹಾಕುವುದನ್ನು ಕಲಿಯುವ ಮುನ್ನ ಎಲ್ಲರೂ ಒಮ್ಮೆ ಇದನ್ನು ಮಾಡಿ ನೋಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಕೈಯಾರೆ ಮಾಡಿ ನೋಡಿದವರು ನೀರಿನ ಅಳತೆಯನ್ನು ಮತ್ತೆಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ನಡುವಿನ ಕಪ್ಪು ವೃತ್ತ ಅರೆಬರೆ ಜೆಲ್‌ನ ಗುರುತು. ನಡುಭಾಗ ಜೆಲ್ ತಾಪವನ್ನು ಮುಟ್ಟಿತು, ಅಂಚು ತಣ್ಣಗಾಗಿ ಮುಟ್ಟಲಿಲ್ಲ ಎಂದಷ್ಟೇ ಅದರ ಅರ್ಥ. ಸೋಪಿನ ಗುಣಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಕಣ್ಣಿಗೆ ಇದು ಅಷ್ಟೊಂದು ಹೊಡೆದು ಕಾಣುವುದಕ್ಕೆ ಇನ್ನೂ ಒಂದು ಕಾರಣವಿದೆ. ಕೊಬ್ಬು ಸೋಪಾಗುವ ರಸಾಯನಕ್ರಿಯೆಯನ್ನು ವಿವರಿಸಿದ ಫ್ರಾನ್ಸಿನ ವಿಜ್ಞಾನಿ ಮಿಶೆಲ್ ಯೂಜೀನ್ ಷೆವ್ರೂಲ್ ಅವರೇ ಮುಂದೆ, ಅಕ್ಕಪಕ್ಕ ಇರಿಸಿದ ಎರಡು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಕಣ್ಣು ಹಿಗ್ಗಿಸಿ ಕಾಣುತ್ತದೆ ಎಂಬುದನ್ನೂ ನಿರೂಪಿಸಿದರು. ಒಂದೇ ಬಿಲ್ಲೆಯಲ್ಲಿ ಕಪ್ಪು ಮತ್ತು ತಿಳಿ ಒಂದಕ್ಕೊಂದು ತಾಗಿಕೊಂಡಿರುವುದರಿಂದ ವೃತ್ತ ಎದ್ದು ಕಾಣುತ್ತದೆ. ಅದೇ ಬಿಲ್ಲೆಯನ್ನು ಕತ್ತರಿಸಿ ಎರಡು ಭಾಗಗಳನ್ನೂ ದೂರ ದೂರ ಇಟ್ಟರೆ ವ್ಯತ್ಯಾಸ ಅಷ್ಟಾಗಿ ತೋರುವುದಿಲ್ಲ. ಹಾಗಾಗಿ ವೃತ್ತ ಬೇಡವೆನ್ನುವವರು ಬಣ್ಣ ಬದಲಿಸಿ ಫಲವಿಲ್ಲ. ಅಂಚಿನವರೆಗೂ ಪೂರ್ತಿ ಜೆಲ್ ಮಾಡಬೇಕು, ಇಲ್ಲವೇ ಎಲ್ಲಿಯೂ ಆಗದಂತೆ ತಡೆಯಬೇಕು.

ಪೂರ್ತಿ ಜೆಲ್ ಬೇಕಿದ್ದರೆ ಶೇ. 30ರಿಂದ 33ರ ದ್ರಾವಣ ಬಳಸಿ, ಎಣ್ಣೆ ಮತ್ತು ದ್ರಾವಣ ಎರಡೂ 40 ಡಿಗ್ರಿಯ ಆಸುಪಾಸಿನಲ್ಲಿರುವಾಗ ಬೆರೆಸಿ, ಅಚ್ಚನ್ನು ಮುಚ್ಚಿ ದಪ್ಪ ಟವೆಲುಗಳಲ್ಲಿ ಸುತ್ತಿಡಬೇಕು. ಮಿಶ್ರಣ ಕಡಿಮೆಯಿದ್ದಾಗ ಇಷ್ಟು ಸಾಲದು. ಓವನ್ನನ್ನು 75 ಡಿಗ್ರಿಯವರೆಗೆ ಕಾಯಿಸಿ, ಆರಿಸಿ, ಅಚ್ಚನ್ನು ಅದರೊಳಗೆ ರಾತ್ರಿಯಿಡೀ ಬಿಡುವುದು ಹೆಚ್ಚು ಭರವಸೆಯ ದಾರಿ. ಸಿಲಿಕೋನ್ ಅಚ್ಚನ್ನು ಓವನ್ನಿನಲ್ಲಿಟ್ಟರೆ ಅದಕ್ಕೆ ತಾಗಿದ ಮುಖದ ಮೇಲೆ ಸಣ್ಣ ಗುಳ್ಳೆಗಳು ಏಳುವುದುಂಟು. ಜೆಲ್ ಬೇಡವಾದರೆ 30 ಡಿಗ್ರಿಯ ಹತ್ತಿರ ಬೆರೆಸಿ, ನೀರು ಕಡಿಮೆ ಮಾಡಿ, ಬಿಡಿ ಬಿಲ್ಲೆಗಳ ಸಣ್ಣ ಅಚ್ಚುಗಳಿಗೆ ಸುರಿದು ಒಂದು ದಿನ ಫ್ರಿಜ್ಜಿನಲ್ಲಿಡಬೇಕು. ಹಾಲು, ಜೇನುತುಪ್ಪ, ಸಕ್ಕರೆ ಇವು ಬಿಸಿಯನ್ನು ಏರಿಸುತ್ತವೆ. ಇವನ್ನು ಬಳಸುವವರಿಗೆ ತಣ್ಣನೆಯ ದಾರಿಯೇ ಕ್ಷೇಮ, ಏಕೆಂದರೆ ಮಿತಿಮೀರಿ ಕಾದ ಸೋಪು ಮೇಲೆ ಬಿರುಕು ಬಿಡುತ್ತದೆ, ಕೆಲವೊಮ್ಮೆ ಉಬ್ಬಿ ಅಚ್ಚಿನಿಂದ ಹೊರಚೆಲ್ಲುತ್ತದೆ.

ಬಿಳುಪಿಗಾಗಿ ಟೈಟಾನಿಯಂ ಡೈಆಕ್ಸೈಡ್ ಬಳಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನೀರು ಹೆಚ್ಚಿದ್ದು ಬಿಸಿಯೂ ಹೆಚ್ಚಾದಾಗ ಬಿಳಿಯ ನಡುವೆ ಗಾಜಿನಂಥ ತೆಳು ಗೆರೆಗಳು ಹರಿದಾಡುತ್ತವೆ. ಬಿಳಿ ಪುಡಿಯನ್ನು ಇನ್ನಷ್ಟು ಸುರಿದರೆ ಗೆರೆಗಳು ಇನ್ನೂ ಸ್ಪಷ್ಟವಾಗುತ್ತವೆಯೇ ಹೊರತು ಮಾಯವಾಗುವುದಿಲ್ಲ. ನೀರನ್ನು ಇಳಿಸುವುದೇ ಇದಕ್ಕೆ ಪರಿಹಾರ.

ಇನ್ನು ಬಣ್ಣಗಳು. ಇವುಗಳಿಗೆ ಎದುರಾಗುವ ಮೊದಲ ಪರೀಕ್ಷೆ ಕ್ಷಾರ, ಎರಡನೆಯದು ಬಿಸಿ, ಮೂರನೆಯದು ಬೆಳಕು. ಕೆಂಪು, ಹಳದಿ, ಕಪ್ಪು ಕಬ್ಬಿಣದ ಆಕ್ಸೈಡುಗಳೂ ಹಸಿರು ಕ್ರೋಮಿಯಂ ಆಕ್ಸೈಡೂ ಮೂರನ್ನೂ ತಾಳಿಕೊಳ್ಳುತ್ತವೆ. ಅಲ್ಟ್ರಾಮರೀನ್ ಎಂಬ ಬಣ್ಣದ ಪುಡಿ ಆಮ್ಲದಲ್ಲಿ ಕೆಡುತ್ತದೆಯಾದರೂ ಕ್ಷಾರದಲ್ಲಿ ನಿಲ್ಲುತ್ತದೆ. ಜೆಲ್ ಆಗುವಾಗ ಅದರಿಂದ ಗಂಧಕದ ವಾಸನೆ ಬಂದರೂ ಅದು ತಾನಾಗಿ ಹೋಗುತ್ತದೆ. ಮ್ಯಾಂಗನೀಸ್ ವಯಲೆಟ್ ಮತ್ತು ಫೆರಿಕ್ ಫೆರೋಸಯನೈಡ್ ನೀಲಿ ಮಾತ್ರ ಕ್ಷಾರಕ್ಕೆ ಸಿಕ್ಕಿ ಬೂದಾಗಿಯೋ ಕಂದಾಗಿಯೋ ಬದಲಾಗುತ್ತವೆ. ಮೈಕಾ ಎಂಬ ಹೊಳೆಯುವ ಖನಿಜದ ಪುಡಿ ಕೊಳ್ಳುವಾಗ ಡಬ್ಬಿಯ ಮೇಲಿನ ಅಂದದ ಹೆಸರಿಗೆ ಬದಲಾಗಿ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಬೇಕೆನ್ನುವುದು ಇದಕ್ಕಾಗಿಯೇ, ಏಕೆಂದರೆ ಮೈಕಾ ಬಣ್ಣ ಪಡೆಯುವುದು ಅದರ ಮೇಲಿನ ಲೇಪದಿಂದ ಮತ್ತು ಆ ಲೇಪದಲ್ಲಿ ಈ ಎರಡೂ ಇರಬಹುದು. 500 ಗ್ರಾಂ ಎಣ್ಣೆಗೆ ಒಂದು ಟೀ ಚಮಚ ಪುಡಿಯಿಂದ ಆರಂಭಿಸಿ, ಅದನ್ನು ಮೊದಲು ಒಂದು ದೊಡ್ಡ ಚಮಚ ತೆಳು ಎಣ್ಣೆಯಲ್ಲಿ ಗಂಟಿಲ್ಲದಂತೆ ಕಲಸಿಕೊಳ್ಳುವುದು ಒಳ್ಳೆಯದು.

ಗಿಡಮೂಲದ ಬಣ್ಣಗಳ ನಡವಳಿಕೆ ಹೆಚ್ಚು ಸಂಕೀರ್ಣ. ಅರಿಶಿನ ಕ್ಷಾರಕ್ಕೆ ತಾಗಿದ ಕ್ಷಣ ಕೆಂಪಾಗಿ, ದಿನಗಳೆದಂತೆ ಹಳದಿಗೋ ಕಿತ್ತಳೆಗೋ ಇಳಿಯುತ್ತದೆ. ಅಲ್ಕಾನೆಟ್ ಬೇರು ಎಣ್ಣೆಯಲ್ಲಿ ಕೆಂಪು, ಸೋಪಿನಲ್ಲಿ ನೇರಳೆ. ಬೀಟ್‌ರೂಟ್ ಮತ್ತು ದಾಸವಾಳ ಹೂವಿನ ಕೆಂಪು ಉಳಿಯುವುದಿಲ್ಲ, ಕಂದಾಗುತ್ತದೆ. ಇಂಡಿಗೊ ಮತ್ತು ಮಂಜಿಷ್ಠ ನಿಲ್ಲುವ ಬಣ್ಣಗಳು, ಆದರೆ ಅವುಗಳ ನಿಜವಾದ ಸೊಬಗು ಕಾಣುವುದು ಪೂರ್ತಿ ಜೆಲ್ ಆದಾಗ. ಜೆಲ್ ಆಗದ ಸೋಪಿನಲ್ಲಿ ಇಂಡಿಗೊ ಬೂದುಮಿಶ್ರಿತ ನೀಲಿಯಾಗಿ ಕಂಡರೆ ಅದನ್ನು ಕಳಪೆ ಮಾಲು ಎಂದು ಬಿಸಾಡಬೇಡಿ.

ಹೊಸ ಬಣ್ಣವನ್ನು ಸಣ್ಣ ಲೋಟದಲ್ಲಿ ಪರೀಕ್ಷಿಸುವ ರೂಢಿ ಒಳ್ಳೆಯದೇ, ಆದರೆ ಅದು ಅರ್ಧ ಪರೀಕ್ಷೆ ಮಾತ್ರ. ಲೋಟದಷ್ಟು ಮಿಶ್ರಣ ತನ್ನ ಬಿಸಿಯನ್ನು ಉಳಿಸಿಕೊಳ್ಳಲಾರದ್ದರಿಂದ ಅದು ಜೆಲ್ ಆಗುವುದಿಲ್ಲ. ಅಲ್ಲಿ ಗೊತ್ತಾಗುವುದು ಬಣ್ಣ ಕ್ಷಾರವನ್ನು ತಾಳುತ್ತದೆಯೇ ಎಂಬುದಷ್ಟೇ. ಆದ್ದರಿಂದ ಒಂದೇ ಮಿಶ್ರಣದಿಂದ ಎರಡು ಲೋಟ ತುಂಬಿ, ಒಂದನ್ನು ಫ್ರಿಜ್ಜಿನಲ್ಲೂ ಇನ್ನೊಂದನ್ನು ಬಿಗಿಯಾಗಿ ಮುಚ್ಚಿ ಕಾದ ಓವನ್ನಿನಲ್ಲೂ ಇಡಿ. ಪ್ರತಿಯೊಂದರ ಮೇಲೂ ದ್ರಾವಣದ ಪ್ರಮಾಣ, ಬೆರೆಸಿದ ತಾಪ ಮತ್ತು ಬಣ್ಣದ ತೂಕವನ್ನು ಬರೆದಿಡಿ. ಕತ್ತರಿಸುವಾಗಲೂ ಸೋಪು ಹಸಿಯಾಗಿರುವುದರಿಂದ ಗ್ಲೌಸ್ ತೆಗೆಯಬೇಡಿ. ಎರಡರಿಂದಲೂ ಎರಡೆರಡು ತುಂಡು ಮಾಡಿ, ಒಂದೊಂದನ್ನು ಕಿಟಕಿಯ ಬೆಳಕಿನಲ್ಲೂ ಒಂದೊಂದನ್ನು ಮುಚ್ಚಿದ ಪೆಟ್ಟಿಗೆಯಲ್ಲೂ ಮಾಗಲು ಬಿಟ್ಟು, ಆರು ವಾರಗಳ ಬಳಿಕ ನಾಲ್ಕನ್ನೂ ಹಗಲಿನ ಬೆಳಕಿನಲ್ಲಿ ಹೋಲಿಸಿ ನೋಡಿದ ಮೇಲೆಯೇ ಆ ಬಣ್ಣವನ್ನು ದೊಡ್ಡ ಅಚ್ಚಿಗೆ ಹಾಕಬೇಕೇ ಎಂಬುದನ್ನು ನಿರ್ಧರಿಸಿ.