ಪೀರ್ ಸಪೋರ್ಟ್ ಕೆಲಸಕ್ಕೆ ಹಣ: ತರಬೇತಿಯ ದುಡ್ಡು ಬೇರೆ, ಸಂಬಳದ ದುಡ್ಡು ಬೇರೆ

ಮೊದಲು ಪದ ಬಿಡಿಸಿಕೊಳ್ಳೋಣ. ಮಾನಸಿಕ ಕಾಯಿಲೆಯನ್ನೋ ಚಟವನ್ನೋ ತಾವೇ ಅನುಭವಿಸಿ, ಚೇತರಿಸಿಕೊಂಡು, ಈಗ ಅದೇ ದಾರಿಯಲ್ಲಿರುವ ಇನ್ನೊಬ್ಬರ ಜೊತೆ ನಿಲ್ಲುವವರನ್ನು ಪೀರ್ ಅನ್ನುತ್ತಾರೆ. ಅವರು ಔಷಧಿ ಬರೆಯುವುದಿಲ್ಲ. ಕಾಯಿಲೆಗೆ ಹೆಸರಿಡುವುದಿಲ್ಲ. "ನಾನೂ ಆ ವಾರ್ಡಿನಲ್ಲಿ ಮಲಗಿದ್ದೆ" ಎಂದು ನಿಜವಾಗಿ ಹೇಳಬಲ್ಲರು. ಆ ಮಾತೇ ಅವರ ಅರ್ಹತೆ.

ವಿಚಾರ ಹಳೆಯದು. 18ನೇ ಶತಮಾನದ ಕೊನೆಯಲ್ಲೇ ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ರೋಗಿಗಳನ್ನು ಸಿಬ್ಬಂದಿಯಾಗಿ ಇಟ್ಟುಕೊಂಡಿದ್ದರು. ಹೊಸದಾಗಿ ಬಂದಿರುವುದು ಸರ್ಕಾರದ ದುಡ್ಡು. ಈ ಟಿಪ್ಪಣಿ ಆ ದುಡ್ಡಿನ ಬಗ್ಗೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು, ಏಕೆಂದರೆ ಹಣದ ದಾರಿ ಅಲ್ಲಿ ನಿಯಮಗಳಲ್ಲೇ ಬರೆದಿದೆ, ಓದಿ ಕಲಿಯಬಹುದು.

ನಾನು ಮೊದಲು ಓದಿದಾಗ ಒಂದು ತಪ್ಪು ಮಾಡಿದ್ದೆ. "ಪೀರ್ ಕಾರ್ಯಕರ್ತರ ಬೆಳವಣಿಗೆಗೆ ಅನುದಾನ" ಎಂದು ಕಂಡಾಗಲೆಲ್ಲ ಅದು ಸಂಬಳಕ್ಕೂ ಸೇರಿದ ಹಣ ಎಂದುಕೊಂಡಿದ್ದೆ. ಹಾಗಲ್ಲ. ಜನರನ್ನು ತಯಾರು ಮಾಡುವ ಹಣ ಒಂದು ಕಡೆಯಿಂದ ಬರುತ್ತದೆ, ಅವರು ಕೆಲಸ ಮಾಡಿದ್ದಕ್ಕೆ ಕೊಡುವ ಹಣ ಇನ್ನೊಂದು ಕಡೆಯಿಂದ. ಮೊದಲನೆಯದು ಬಂದು ಎರಡನೆಯದು ಬರದೇ ಹೋದರೆ ಪ್ರಮಾಣಪತ್ರ ಹಿಡಿದವರು ಇರುತ್ತಾರೆ, ಕೆಲಸ ಇರುವುದಿಲ್ಲ. ಈ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಡಬೇಕು ಎಂದರೆ ನಾನು ಇದನ್ನೇ ಹೇಳುತ್ತೇನೆ.

ತಯಾರು ಮಾಡುವ ಹಣವನ್ನು ಬೇಗ ನೋಡಿ ಮುಗಿಸೋಣ. ಇದು ಸಾಮಾನ್ಯವಾಗಿ ಗ್ರಾಂಟ್. ಇಷ್ಟು ವರ್ಷಕ್ಕೆ ಇಷ್ಟು ಹಣ, ಅವಧಿ ಮುಗಿದರೆ ಹಣವೂ ಮುಗಿಯಿತು. ತರಬೇತಿ ಶುಲ್ಕ, ಪರೀಕ್ಷೆ ಶುಲ್ಕ, ಕಲಿಯುವಾಗ ಕೈಗೆ ಸಿಗುವ ಸ್ಟೈಪೆಂಡ್ ಎಲ್ಲ ಇದರಲ್ಲಿ ಬರುತ್ತವೆ. ತರಬೇತಿ ಎಷ್ಟು ಉದ್ದ ಇರಬೇಕು? ಮಾನಸಿಕ ಆರೋಗ್ಯ ಮತ್ತು ಚಟದ ವಿಷಯ ನೋಡಿಕೊಳ್ಳುವ ಅಮೆರಿಕದ ಒಕ್ಕೂಟ ಸರ್ಕಾರದ ಸಂಸ್ಥೆ ಸಾಮ್ಸಾ 2023ರಲ್ಲಿ ಹೊರತಂದ ಮಾದರಿ ಮಾನದಂಡ 40ರಿಂದ 60 ಗಂಟೆ ಸಾಕು ಅನ್ನುತ್ತದೆ. ಅದರ ಜೊತೆ ಮೇಲ್ವಿಚಾರಣೆಯಲ್ಲಿ 120 ಗಂಟೆ ಕೆಲಸ. ಕ್ಯಾಲಿಫೋರ್ನಿಯಾ 80 ಗಂಟೆಯ ತರಬೇತಿ ಕೇಳುತ್ತದೆ. ಇಲ್ಲಿ ನಾನು ಗಮನಿಸಿದ್ದು ಆ 120 ಗಂಟೆಯನ್ನು. ಅಷ್ಟು ಹೊತ್ತು ಬಿಟ್ಟಿ ದುಡಿಯಲು ಯಾರಿಗೆ ಸಾಧ್ಯ? ಕೈಯಲ್ಲಿ ಸ್ವಲ್ಪ ಇರುವವರಿಗೆ ಮಾತ್ರ. ಸ್ಟೈಪೆಂಡ್ ಇಲ್ಲದ ತರಬೇತಿ ಬಡವರನ್ನು ಬಾಗಿಲಲ್ಲೇ ತಡೆಯುತ್ತದೆ. ಈ ಕೆಲಸಕ್ಕೆ ಬೇಕಾದ ಅನುಭವ ಜಾಸ್ತಿ ಇರುವುದು ಅವರ ಹತ್ತಿರವೇ, ಅಲ್ವಾ?

ಈಗ ಸಂಬಳದ ಹಣ.

1999ರಲ್ಲಿ ಜಾರ್ಜಿಯಾ ರಾಜ್ಯ ಪೀರ್ ಸಪೋರ್ಟನ್ನು ಮೆಡಿಕೇಡ್‌ಗೆ ಬಿಲ್ ಮಾಡಲು ಶುರು ಮಾಡಿತು. ಹಾಗೆ ಮಾಡಿದ ಮೊದಲ ರಾಜ್ಯ ಅದೇ. ಮೆಡಿಕೇಡ್ ಅಂದರೆ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ. ಅದರ ವೆಚ್ಚವನ್ನು ರಾಜ್ಯ ಮತ್ತು ಒಕ್ಕೂಟ ಸರ್ಕಾರ ಹಂಚಿಕೊಳ್ಳುತ್ತವೆ. ಸಾಮಾನ್ಯ ಸೇವೆಗಳಲ್ಲಿ ಒಕ್ಕೂಟದ ಪಾಲು ಕಡಿಮೆ ಎಂದರೂ ಶೇ. 50. ಗ್ರಾಂಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಗ್ರಾಂಟ್ ಒಂದು ಕೊಡ ನೀರಿನ ಹಾಗೆ, ಬಳಸಿದಷ್ಟು ಖಾಲಿ. ಮೆಡಿಕೇಡ್‌ನಲ್ಲಿ ಸೇವೆ ಕೊಟ್ಟಷ್ಟೂ ಹಣ ಬರುತ್ತಿರುತ್ತದೆ.

2007ರ ಆಗಸ್ಟ್ 15ರಂದು ಮೆಡಿಕೇಡ್ ನೋಡಿಕೊಳ್ಳುವ ಕೇಂದ್ರ ಕಚೇರಿ ಎಲ್ಲ ರಾಜ್ಯಗಳಿಗೂ ಒಂದು ಪತ್ರ ಬರೆಯಿತು. ಪೀರ್ ಸಪೋರ್ಟ್ ಪುರಾವೆ ಇರುವ ಸೇವೆ, ರಾಜ್ಯಗಳು ಇದಕ್ಕೆ ಹಣ ಕೊಡಬಹುದು ಎಂದಿತು. ಷರತ್ತು ಮೂರು: ಮಾನಸಿಕ ಆರೋಗ್ಯದ ವೃತ್ತಿಪರರ ಮೇಲ್ವಿಚಾರಣೆ ಇರಬೇಕು, ಸೇವೆ ಆ ವ್ಯಕ್ತಿಯ ಚಿಕಿತ್ಸಾ ಯೋಜನೆಯೊಳಗೆ ಸೇರಿರಬೇಕು, ಕೆಲಸ ಮಾಡುವವರು ರಾಜ್ಯ ಒಪ್ಪಿದ ತರಬೇತಿ ಮತ್ತು ಪ್ರಮಾಣಪತ್ರ ಪಡೆದಿರಬೇಕು. ಪರೀಕ್ಷೆಗೆ ಓದುವವರು ಈ ಮೂರನ್ನು ಬಾಯಿಪಾಠ ಮಾಡಿಕೊಳ್ಳಿ. ಆದರೆ ಸುಮ್ನೆ ಬಾಯಿಪಾಠ ಬೇಡ, ಎರಡನೆಯದರ ಮುಂದೆ ಒಂದು ನಿಮಿಷ ನಿಲ್ಲಿ. ಯೋಜನೆಯಲ್ಲಿ ಬರೆದಿದ್ದರೆ ಮಾತ್ರ ಬಿಲ್. ಯಾರೋ ಒಬ್ಬರು ಕಾಗದಪತ್ರ ಇಲ್ಲದೆ ಒಳಗೆ ಬಂದು, ಒಂದು ಗಂಟೆ ಕೂತು, ಹಗುರಾಗಿ ಎದ್ದು ಹೋದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಪೀರ್‌ಗಳೇ ನಡೆಸುವ ಕೇಂದ್ರಗಳಲ್ಲಿ ಇಂಥ ಭೇಟಿಗಳು ತುಂಬಾ. ಆ ಕೇಂದ್ರಗಳು ಬದುಕಲು ಬ್ಲಾಕ್ ಗ್ರಾಂಟಿನಂಥ (ಒಕ್ಕೂಟ ಸರ್ಕಾರ ರಾಜ್ಯಕ್ಕೆ ಇಡಿಗಂಟಾಗಿ ಕೊಡುವ ಹಣ) ಬೇರೆ ಹಣವೇ ಬೇಕಾಗುತ್ತದೆ.

ಬಿಲ್ ಮಾಡುವುದು ಹೇಗೆ? ಎಚ್0038 ಎಂಬ ಕೋಡ್ ಇದೆ. 15 ನಿಮಿಷಕ್ಕೆ ಒಂದು ಯೂನಿಟ್. ಒಂದು ಲೆಕ್ಕ ಮಾಡಿ ನೋಡಿ, ಕಾಗದದ ಮೇಲೆ. ಎಂಟು ಗಂಟೆಯ ದಿನದಲ್ಲಿ 32 ಯೂನಿಟ್ ಇವೆ. ಪ್ರಯಾಣ, ಸಭೆ, ಟಿಪ್ಪಣಿ ಬರೆಯುವುದು, ಬರುತ್ತೇನೆಂದವರು ಬಾರದೇ ಹೋದದ್ದು, ಇದಕ್ಕೆಲ್ಲ ನಾಲ್ಕು ಗಂಟೆ ಹೋಯಿತು ಎಂದುಕೊಳ್ಳಿ. ಬಿಲ್ ಆಗುವುದು 16 ಯೂನಿಟ್. ಸಂಬಳ ಮಾತ್ರ ಎಂಟು ಗಂಟೆಯದು. ಅಂದರೆ ಯೂನಿಟ್ ದರ ನಿಗದಿ ಮಾಡುವವರು ಬಿಲ್ ಆಗದ ಹೊತ್ತನ್ನೂ ಅದರೊಳಗೆ ಸೇರಿಸಬೇಕು. ಸೇರಿಸದಿದ್ದರೆ ಸಂಸ್ಥೆ ಎರಡರಲ್ಲಿ ಒಂದು ಮಾಡುತ್ತದೆ: ಸಂಬಳ ಇಳಿಸುತ್ತದೆ, ಇಲ್ಲವೇ "ಇನ್ನಷ್ಟು ಯೂನಿಟ್ ಮಾಡಿ" ಎಂದು ಒತ್ತಡ ಹಾಕುತ್ತದೆ. ಗಡಿಯಾರ ನೋಡುತ್ತಾ ಕೂತವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಕೆಲಸದ ಗುಣ ಕೆಡುವುದು ಹೀಗೆ, ಯಾರ ಕೆಟ್ಟ ಉದ್ದೇಶವೂ ಇಲ್ಲದೆ.

ಹೋಲಿಕೆಗೆ ಮೆಡಿಕೇರ್ ನೋಡಿ. ಇದು ಮುಖ್ಯವಾಗಿ 65 ದಾಟಿದವರ ವಿಮೆ. 2024ರ ಜನವರಿಯಿಂದ ಅಲ್ಲೂ ಪೀರ್ ಸಪೋರ್ಟಿಗೆ ಕೋಡ್ ಬಂದಿದೆ. ಜಿ0140 ಎಂದರೆ ತಿಂಗಳಲ್ಲಿ ಮೊದಲ 60 ನಿಮಿಷ. ನಂತರದ ಪ್ರತಿ 30 ನಿಮಿಷಕ್ಕೆ ಜಿ0146. ತಿಂಗಳ ಸಣ್ಣಪುಟ್ಟ ಫೋನು, ಭೇಟಿ ಎಲ್ಲ ಕೂಡಿಸಿ ಎಣಿಸಬಹುದು. ನನಗೆ ಈ ಅಳತೆ ಹೆಚ್ಚು ಹಿಡಿಸಿತು. ಚೇತರಿಕೆಯಲ್ಲಿರುವವರಿಗೆ ಒಂದು ದಿನ ಐದು ನಿಮಿಷ ಸಾಕು, ಇನ್ನೊಂದು ದಿನ ಎರಡು ಗಂಟೆಯೂ ಸಾಲದು.

ಮೇಲ್ವಿಚಾರಣೆಯ ಖರ್ಚು ಬಜೆಟ್ಟಿನಲ್ಲಿ ಸುಲಭವಾಗಿ ಬಿಟ್ಟುಹೋಗುತ್ತದೆ. ಷರತ್ತು ಹಾಕುವಾಗ ಅದು ಮೊದಲ ಸಾಲಿನಲ್ಲಿದೆ, ಆದರೆ ಮೇಲ್ವಿಚಾರಕರು ಪೀರ್ ಜೊತೆ ಕೂತು ಮಾತಾಡುವ ಗಂಟೆಗೆ ಪ್ರತ್ಯೇಕ ಬಿಲ್ ಇಲ್ಲ. ಇನ್ನೊಬ್ಬರ ಕಷ್ಟ ಕೇಳುವಾಗ ತಮ್ಮದೇ ಹಳೆಯ ಗಾಯ ಕೆದಕಿದಂತೆ ಆಗುವ ಕೆಲಸ ಇದು. ಆ ಗಂಟೆ ಇಲ್ಲದಿದ್ದರೆ ಜನ ಕೆಲಸ ಬಿಡುತ್ತಾರೆ, ಇಲ್ಲವೇ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಮೇಲ್ವಿಚಾರಕರೂ ಒಬ್ಬ ಹಿರಿಯ ಪೀರ್ ಆಗಿದ್ದರೆ ಬಡ್ತಿಗೊಂದು ಮೆಟ್ಟಿಲೂ ಸಿಗುತ್ತದೆ.

ಇನ್ನೊಂದು ತೊಡಕು, ಪಠ್ಯದಲ್ಲಿ ಅಡಿಟಿಪ್ಪಣಿಯ ಹಾಗೆ ಬಂದರೂ ಬದುಕಿನಲ್ಲಿ ದೊಡ್ಡದು. ಈ ಕೆಲಸಕ್ಕೆ ಬರುವವರಲ್ಲಿ ಅಂಗವೈಕಲ್ಯ ವಿಮೆಯ ಹಣದ ಮೇಲೆ ಬದುಕುವವರು ಇರುತ್ತಾರೆ. ಅಮೆರಿಕದಲ್ಲಿ ಆ ವಿಮೆ ಒಂಬತ್ತು ತಿಂಗಳ ಪ್ರಯೋಗದ ಕೆಲಸಕ್ಕೆ ಅವಕಾಶ ಕೊಡುತ್ತದೆ. ಅದಾದ ಮೇಲೆ ಗಳಿಕೆ ಒಂದು ಮಿತಿ ದಾಟಿದರೆ ವಿಮೆಯ ಹಣ ನಿಲ್ಲುತ್ತದೆ. 2024ರಲ್ಲಿ ಆ ಮಿತಿ, ದೃಷ್ಟಿ ಇರುವವರಿಗೆ, ತಿಂಗಳಿಗೆ 1,550 ಡಾಲರ್. ಹೀಗಾಗಿ ಅರೆಕಾಲಿಕ, ಕಡಿಮೆ ಸಂಬಳದ ಹುದ್ದೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಕಡಿಮೆ ದುಡಿದರೆ ಹೊಟ್ಟೆ ತುಂಬದು, ಸ್ವಲ್ಪ ಹೆಚ್ಚು ದುಡಿದರೆ ಆಸರೆ ತಪ್ಪುತ್ತದೆ. ಹೊಸ ಅನುದಾನದಲ್ಲಿ ಇದರ ಬಗ್ಗೆ ಸಲಹೆ ಕೊಡುವವರ ಸಂಬಳಕ್ಕೂ ಜಾಗ ಇರಬೇಕು.

ಇಷ್ಟು ಹಣ ಹಾಕಿದ್ದಕ್ಕೆ ಫಲ ಇದೆಯೇ? ಉತ್ತರ ಪೂರ್ತಿ ಒಂದೇ ಕಡೆ ವಾಲುವುದಿಲ್ಲ, ಹಾಗೇ ಕಲಿಯೋಣ. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಎಂಬ ಸಂಸ್ಥೆಯ 2013ರ ವಿಮರ್ಶೆ 11 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಅದೇ ಹುದ್ದೆಯಲ್ಲಿ ವೃತ್ತಿಪರರು ಇದ್ದಾಗಿನ ಫಲಕ್ಕೂ ಪೀರ್‌ಗಳು ಇದ್ದಾಗಿನ ಫಲಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ತುರ್ತು ಸೇವೆಯ ಬಳಕೆ ಮಾತ್ರ ಸ್ವಲ್ಪ ಇಳಿದಿತ್ತು. ಇಂಗ್ಲೆಂಡಿನಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗುವವರ ಮೇಲೆ ನಡೆದ ಎನ್‌ರಿಚ್ ಪ್ರಯೋಗದಲ್ಲಿ ಮತ್ತೆ ದಾಖಲಾಗುವುದು ಕಡಿಮೆ ಆಗಲಿಲ್ಲ. ಅದೇ ದೇಶದಲ್ಲಿ 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆಯಿತು. ಮಾನಸಿಕ ಬಿಕ್ಕಟ್ಟಿನ ಹೊತ್ತಲ್ಲಿ ಮನೆಗೇ ಬಂದು ನೋಡಿಕೊಳ್ಳುವ ತಂಡದ ಆರೈಕೆ ಮುಗಿಸಿದ 441 ಜನರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಚೇತರಿಕೆಯ ಅಭ್ಯಾಸ ಪುಸ್ತಕ ಸಿಕ್ಕಿತು. ಒಂದು ಗುಂಪಿಗೆ ಅದು ಅಂಚೆಯಲ್ಲಿ ಬಂತು. ಇನ್ನೊಂದಕ್ಕೆ ಪೀರ್ ಒಬ್ಬರು ಹತ್ತು ಭೇಟಿಯವರೆಗೆ ಜೊತೆ ಕೂತು ಅದನ್ನು ತುಂಬಿಸಲು ನೆರವಾದರು. ಒಂದು ವರ್ಷದೊಳಗೆ ಆಸ್ಪತ್ರೆ ಅಥವಾ ಬಿಕ್ಕಟ್ಟಿನ ತಂಡದಂಥ ತುರ್ತು ಮಾನಸಿಕ ಆರೈಕೆಗೆ ಮರಳಿದವರು ಅಂಚೆಯ ಗುಂಪಿನಲ್ಲಿ ಶೇ. 38, ಪೀರ್ ಜೊತೆಗಿದ್ದ ಗುಂಪಿನಲ್ಲಿ ಶೇ. 29. ಪುಸ್ತಕ ಎರಡು ಕಡೆಯೂ ಒಂದೇ.