ಲರ್ಕರ್: ಗ್ರೂಪಿನಲ್ಲಿ ಸುಮ್ನೆ ಕೂತವರು

"ಮೆಸೇಜ್ ಹಾಕದವರನ್ನು ಭಾನುವಾರ ಗ್ರೂಪಿನಿಂದ ತೆಗೆಯಲಾಗುವುದು." ಅಡ್ಮಿನ್ ಹಾಕುವ ಇಂಥ ನೋಟಿಸನ್ನು ನೀವೂ ಯಾವುದಾದರೂ ವಾಟ್ಸಾಪ್ ಗ್ರೂಪಿನಲ್ಲಿ ನೋಡಿರುತ್ತೀರಿ. ಈ ಮಾತಾಡದವರಿಗೆ ಇಂಟರ್ನೆಟ್ಟಿನಲ್ಲಿ ಹಳೆಯದೊಂದು ಹೆಸರಿದೆ: ಲರ್ಕರ್. ದಿನಾ ಬರುತ್ತಾರೆ, ಎಲ್ಲವನ್ನೂ ಓದುತ್ತಾರೆ, ಏನನ್ನೂ ಬರೆಯುವುದಿಲ್ಲ.

ಆ ಹೆಸರಿನ ಬಗ್ಗೆಯೇ ನನಗೆ ತಕರಾರಿದೆ. ಇಂಗ್ಲಿಷಿನಲ್ಲಿ 'ಲರ್ಕ್' ಅಂದರೆ ಮರೆಯಲ್ಲಿ ಅಡಗಿ ಹೊಂಚು ಹಾಕುವುದು. ಕಳ್ಳನಿಗೆ ಹೇಳುವ ಮಾತು. ಆದರೆ ಸುಮ್ಮನೆ ಓದುವುದು ಒಂದು ಕಾಲಕ್ಕೆ ಒಳ್ಳೆಯ ನಡತೆ ಎನಿಸಿಕೊಂಡಿತ್ತು. ಇಂಟರ್ನೆಟ್ಟಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ತಿಳಿಸಲು 1995ರಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಕೈಪಿಡಿ, ಏನಾದರೂ ಬರೆಯುವ ಮೊದಲು ಒಂದೆರಡು ತಿಂಗಳು ಬರೀ ಓದಿ, ಆ ಗುಂಪಿನ ರೀತಿ ತಿಳಿದುಕೊಳ್ಳಿ ಎಂದೇ ಹೇಳಿತ್ತು. ಹೊಸ ಊರಿಗೆ ಬಂದವರು ಅರಳಿಕಟ್ಟೆಯ ಮಾತನ್ನು ನಾಲ್ಕು ದಿನ ಕೇಳಿಸಿಕೊಂಡು ಆಮೇಲೆ ಬಾಯಿ ಬಿಡುತ್ತಾರಲ್ಲ, ಹಾಗೆ.

ಇವರು ಎಷ್ಟು ಜನ? 100 ಜನರಲ್ಲಿ 90 ಮಂದಿ ಬರೀ ಓದುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಉಳಿದ ಒಬ್ಬರದ್ದೇ ಜಾಸ್ತಿ ಮಾತು ಎಂದು ವೆಬ್‌ಸೈಟ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲಿ ಬರೆದರು. ಅದೊಂದು ಸ್ಥೂಲ ಲೆಕ್ಕ. ನನಗೆ ಹಿಡಿಸಿದ್ದು ಬ್ಲೇರ್ ನೊನೆಕಿ, ಜೆನ್ನಿ ಪ್ರೀಸ್ ಎಂಬ ಸಂಶೋಧಕರು 2000ದಲ್ಲಿ ಕೊಟ್ಟ ಲೆಕ್ಕ. ಅವರು ನೋಡಿದ ಇಮೇಲ್ ಗುಂಪುಗಳಲ್ಲಿ, ಸಾಫ್ಟ್‌ವೇರ್ ಬಗ್ಗೆ ಮಾತಾಡುವ ಕಡೆ ಸುಮ್ಮನಿದ್ದವರು ಶೇ. 82. ಕಾಯಿಲೆ ಕಸಾಲೆಯ ಬಗ್ಗೆ ಮಾತಾಡುವ ಕಡೆ ಶೇ. 46. ನೋವು ಹಂಚಿಕೊಳ್ಳುವ ಜಾಗದಲ್ಲಿ ಜನ ಬಾಯಿ ಬಿಡುತ್ತಾರೆ, ಅಲ್ವಾ?

ಯಾಕೆ ಬರೆಯುವುದಿಲ್ಲ ಎಂದೂ ಅವರು ಆಮೇಲೆ ಕೇಳಿದರು. ಓದಿದರೇ ಸಾಕು, ಬರೆಯುವ ಅಗತ್ಯ ಬೀಳಲಿಲ್ಲ ಎಂದವರೇ ಜಾಸ್ತಿ. ಸುಮ್ಮನಿದ್ದರೇ ಗುಂಪಿಗೆ ಉಪಕಾರ ಎಂದುಕೊಂಡವರೂ ಇದ್ದರು. ಈ ಉತ್ತರ ಓದಿದಾಗಿನಿಂದ ನನಗೆ ಈ ಸುಮ್ಮನಿರುವವರ ಮೇಲೆ ಅಕ್ಕರೆ ಹೆಚ್ಚಿದೆ.

ಆದರೂ ಬರೆಯುವವರ ಬೇಸರ ಸುಳ್ಳಲ್ಲ. ಅಜ್ಜಿ ಕಥೆ ಹೇಳುವಾಗ ನಾವು 'ಹೂಂ' ಅನ್ನುತ್ತಿರಬೇಕಿತ್ತು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕಟ್ಟೆಯ ಮೇಲಾದರೆ ಕೇಳುವವರ ಮುಖವಾದರೂ ಕಾಣುತ್ತದೆ. ಫೋನಿನಲ್ಲಿ ಮುಖವೂ ಇಲ್ಲ, ಹೂಂ ಕೂಡ ಇಲ್ಲ. 2022ರಲ್ಲಿ ವಾಟ್ಸಾಪಿಗೆ ಬಂದ ಎಮೋಜಿ ಪ್ರತಿಕ್ರಿಯೆ ಆ ಹೂಂಕಾರದ ಕೆಲಸವನ್ನೇ ಮಾಡುತ್ತಿದೆ. ಮಾತಾಡಲು ಸಂಕೋಚಪಡುವವರಿಗೆ ಅಷ್ಟು ಸಾಕು.

ಲರ್ಕರ್ ಮೊದಲ ಸಲ ಬರೆದರೆ ಅದಕ್ಕೆ 'ಡಿಲರ್ಕ್' ಎನ್ನುತ್ತಾರೆ. ಆ ಹೊತ್ತು ಬಹಳ ನಾಜೂಕು. "ಇದೆಲ್ಲ ಆಗಲೇ ಮಾತಾಡಿ ಆಗಿದೆ" ಎಂದು ಯಾರಾದರೂ ಅಂದರೆ ಮುಗಿಯಿತು, ಆ ಮನುಷ್ಯ ಮತ್ತೆ ಬಾಯಿ ಬಿಡುವುದು ಕಷ್ಟ.

ಇಲ್ಲಿ ಹುಟ್ಟುವ ಸ್ನೇಹವೂ ಬೇರೆ ಥರ. ಅವರಿಗೆ ನೀವು ಗೊತ್ತು, ನಿಮಗೆ ಅವರು ಗೊತ್ತಿಲ್ಲ. ನಮ್ಮ ತಾರಸಿ ತೋಟದ ಗ್ರೂಪಿನಲ್ಲಿ ಒಮ್ಮೆ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಗಿಡಗಳಿಗೆ ನೀರು ಹಾಕಲು ಆಗುತ್ತಿಲ್ಲ ಎಂದು ಬರೆದಿದ್ದೆ. ವಾರದ ನಂತರ ಗೊತ್ತಿಲ್ಲದ ನಂಬರಿನಿಂದ ಮೆಸೇಜ್ ಬಂತು: "ಅಮ್ಮ ಹೇಗಿದ್ದಾರೆ? ಎರಡು ವರ್ಷದ ಹಿಂದೆ ನೀವು ಹೇಳಿದ ಹಾಗೆ ಹುಳಿ ಮಜ್ಜಿಗೆ ಹಾಕಿ ನನ್ನ ಕರಿಬೇವು ಉಳಿಸಿಕೊಂಡೆ." ಜೊತೆಗೆ ಒಂದು ಫೋಟೊ. ಪೇಂಟ್ ಡಬ್ಬದಲ್ಲಿ ಎದೆಯೆತ್ತರದ ಗಿಡ. ಗ್ರೂಪಿನಲ್ಲಿ ಹುಡುಕಿದೆ. ಆ ನಂಬರಿನಿಂದ ಒಂದೇ ಒಂದು ಮೆಸೇಜ್ ಇರಲಿಲ್ಲ.

ಹೋದ ತಿಂಗಳು ನಮ್ಮ ಅಡ್ಮಿನ್ನೂ ಆ ಭಾನುವಾರದ ನೋಟಿಸ್ ಹಾಕಿದರು. ಫೋನ್ ಮಾಡಿ ದಯವಿಟ್ಟು ಬೇಡ ಅಂದೆ, ಒಪ್ಪಿಕೊಂಡರು. ಕರಿಬೇವಿನ ಅಕ್ಕ ಇನ್ನೂ ಅಲ್ಲೇ ಇದ್ದಾರೆ. ಇವತ್ತಿಗೂ ಒಂದಕ್ಷರ ಬರೆದಿಲ್ಲ.